ದೊಡ್ಡಾಟದ ರಂಗದಲ್ಲಿ ಮೈಕ್ ಸೀಟಿ ಹೊಡೆಯದಂತೆ

ಬಳ್ಳಾರಿ ಸುತ್ತಿನ ಊರುಗಳಲ್ಲಿ ರಾತ್ರಿಯಿಡೀ ನಡೆಯುವ ದೊಡ್ಡಾಟಕ್ಕೆ ಮೈಕ್ ಸೆಟ್ ಹಾಕುವವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಸೀಟಿ. ಪಾತ್ರಧಾರಿ ಪದ ಎತ್ತಿಕೊಂಡ ಹೊತ್ತಿಗೇ ಬಾಕ್ಸುಗಳು ಕಿರುಚಿದರೆ ತಿಂಗಳುಗಟ್ಟಲೆ ನಡೆಸಿದ ತಾಲೀಮು ವ್ಯರ್ಥವಾಗುತ್ತದೆ. ಇದನ್ನು ತಡೆಯುವ ಕೆಲಸದ ಬಹುಪಾಲು ಮಿಕ್ಸರಿನ ನಾಬ್ ಮುಟ್ಟುವ ಮೊದಲೇ, ಮೈಕು ಮತ್ತು ಬಾಕ್ಸುಗಳ ಜಾಗ ಗೊತ್ತುಮಾಡುವಾಗಲೇ ಮುಗಿಯಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಬಾಕ್ಸಿನಿಂದ ಹೊರಟ ದನಿ ತಿರುಗಿ ಮೈಕಿಗೆ ಸೇರಿ, ಆಂಪ್ಲಿಫೈಯರಿನಲ್ಲಿ ಹಿಗ್ಗಿ, ಮತ್ತೆ ಅದೇ ಬಾಕ್ಸಿನಿಂದ ಹೊರಡುತ್ತದೆ. ಈ ಸುತ್ತಿನಲ್ಲಿ ಯಾವುದಾದರೂ ಒಂದು ಕಂಪನಾಂಕದ ದನಿ ಕುಗ್ಗದೆ ಮರಳಿದರೆ ಸೀಟಿ ಹುಟ್ಟುತ್ತದೆ. ಆದ್ದರಿಂದ ಮುಖ್ಯ ಬಾಕ್ಸುಗಳು ಅಟ್ಟಕ್ಕಿಂತ, ಅಂದರೆ ಆಟ ನಡೆಯುವ ವೇದಿಕೆಗಿಂತ, ಮುಂದೆ, ಜನರ ಕಡೆ ಮುಖಮಾಡಿ ನಿಲ್ಲಬೇಕು. ಅಟ್ಟದ ಕಂಬಕ್ಕೇ ಬಾಕ್ಸು ಬಿಗಿದು, ಮೇಲಿನ ತೊಲೆಯಿಂದ ಸಾಲಾಗಿ ಮೈಕುಗಳನ್ನು ಇಳಿಬಿಡುವುದು ನನಗೆ ಸರಿತೋರುವುದಿಲ್ಲ. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ, ಸೀಟಿ ಬರುವ ಮುನ್ನ ಏರಿಸಬಹುದಾದ ದನಿಯಲ್ಲಿ ಸುಮಾರು 3 ಡೆಸಿಬೆಲ್ (ದನಿಯ ಮಟ್ಟದ ಅಳತೆ) ಕೈತಪ್ಪುತ್ತದೆ. ಬಾಯಿಗೂ ಮೈಕಿಗೂ ನಡುವಿನ ಅಂತರ ಅರ್ಧವಾದರೆ ಸುಮಾರು 6 ಡೆಸಿಬೆಲ್ ದಕ್ಕುತ್ತದೆ. ಕುಣಿಯುವ ಪಾತ್ರಧಾರಿಗೆ ಭುಜಕೀರ್ತಿ ತಾಗದಂತೆ ಕೆನ್ನೆಯ ಬಳಿ ನಿಲ್ಲುವ ಹೆಡ್‌ಸೆಟ್ ಮೈಕ್ ಒಳ್ಳೆಯದು. ಭಾಗವತರಿಗೆ ಸ್ಟ್ಯಾಂಡ್ ಮೈಕ್ ಬಾಯಿಯ ಸಮೀಪವೇ ಇರಲಿ. ಮದ್ದಳೆಯ ದನಿ ತಾನೇ ದೊಡ್ಡದಾದ್ದರಿಂದ ಅದಕ್ಕೆ ಬೇರೆ ಮೈಕ್ ಬೇಕಾಗದು.

ಹಿಮ್ಮೇಳದವರು ತಮ್ಮ ದನಿ ಕೇಳಿಸಿಕೊಳ್ಳಲೆಂದು ಅವರ ಕಡೆ ತಿರುಗಿಸಿ ಇಡುವ ಬಾಕ್ಸು, ಅಂದರೆ ಮಾನಿಟರಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಶೂರ್ ಎಸ್‌ಎಂ58 ತರಹದ, ಮುಖ್ಯವಾಗಿ ಮುಂದಿನ ದನಿಯನ್ನೇ ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ನೇರ ಹಿಂದಿನ ದನಿ ಅತಿ ಕಡಿಮೆ ಕೇಳಿಸುವುದರಿಂದ ಮಾನಿಟರ್ ಅಲ್ಲಿಯೇ ಇರಬೇಕು. ಬೀಟಾ 58ಎ ತರಹದ ಸೂಪರ್‌ಕಾರ್ಡಿಯಾಯ್ಡ್ ಮೈಕು ಹಿಂದಿನದನ್ನೂ ತುಸು ಹಿಡಿಯುತ್ತದೆ; ಅದು ಅತ್ಯಂತ ಕಿವುಡಾಗಿರುವುದು ಮುಂಭಾಗದಿಂದ ಸುಮಾರು 126 ಡಿಗ್ರಿ ಕೋನದಲ್ಲಾದ್ದರಿಂದ ಮಾನಿಟರನ್ನು ಓರೆಯಾಗಿಡಬೇಕು. ಗಾಯಕರು ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದರೆ ಒಳಗಿನ ಹಿಂದಣ ರಂಧ್ರಗಳು ಮುಚ್ಚಿ, ಮೈಕು ಎಲ್ಲ ದಿಕ್ಕಿನ ದನಿಯನ್ನೂ ಸೆಳೆಯತೊಡಗುತ್ತದೆ. ಜಾಲರಿಯ ಬದಲು ಮೈಕಿನ ಹಿಡಿಕೆಯನ್ನು ಹಿಡಿಯುವಂತೆ ಅವರಿಗೆ ಮೊದಲೇ ವಿನಯದಿಂದ ಹೇಳಬೇಕು.

ಇಷ್ಟಾದ ಮೇಲೂ ಉಳಿಯುವ ಸೀಟಿಗೆ, ದನಿಯನ್ನು ಕಂಪನಾಂಕದ 31 ಪಟ್ಟಿಗಳಾಗಿ (ಬ್ಯಾಂಡ್) ಹಂಚಿ ಒಂದೊಂದನ್ನೂ ಬೇರೆಬೇರೆಯಾಗಿ ಏರಿಳಿಸುವ ಈಕ್ವಲೈಜರ್ ಇದೆ. ಕೂಗುವ ಪಟ್ಟಿಯನ್ನಷ್ಟೇ ತುಸು ಇಳಿಸಬೇಕು. ಹತ್ತಾರು ಪಟ್ಟಿ ಇಳಿಸಿದರೆ ಪದದ ಅಕ್ಷರಗಳೇ ಮಸುಕಾಗುತ್ತವೆ.

ಹಗಲು ಮಾಡಿದ ಸೌಂಡ್ ಚೆಕ್ಕನ್ನು ರಾತ್ರಿಯಿಡೀ ನಂಬುವುದು ಸರಿಯಲ್ಲ. ಬಳ್ಳಾರಿಯ ಮಧ್ಯಾಹ್ನದ ಬಿಸಿಲು ಇಳಿದು ಗಾಳಿ ತಣಿದಂತೆ, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಕಡಿಮೆಯಾಗುತ್ತದೆ. ಅದರೊಂದಿಗೆ ಸೀಟಿ ಹುಟ್ಟುವ ಕಂಪನಾಂಕವೂ ಸರಿಯುತ್ತದೆ. ಹೀಗಾಗಿ ಜನ ಸೇರಿದ ಬಳಿಕ ಮಟ್ಟಗಳನ್ನು ಮತ್ತೊಮ್ಮೆ ನೋಡಿ, ಸೀಟಿಯ ಅಂಚಿಗಿಂತ ಸುಮಾರು 6 ಡೆಸಿಬೆಲ್ ಕೆಳಗೇ ಮಿಕ್ಸರಿನ ಮಾಸ್ಟರ್ (ಒಟ್ಟು ದನಿಯ ನಿಯಂತ್ರಣ) ನಿಲ್ಲಿಸುತ್ತೇನೆ.