ಒಪ್ಪಿಕೊಂಡು ಹೊರಬರುವ ಮುಂಚೆ

ನಾನು ತಾಲ್ಲೂಕು ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಬರುವುದು ಜಾಸ್ತಿ ಮೊಬೈಲ್, ಬೈಕ್, ಪಂಪ್‌ಸೆಟ್ ಕೇಬಲ್ ಕದ್ದ ಕೇಸುಗಳೇ. ಜಾಮೀನು ಸಿಕ್ಕರೂ ಶ್ಯೂರಿಟಿ ನಿಲ್ಲುವವರು ಇರುವುದಿಲ್ಲ. ಹುಡುಗ ತಿಂಗಳುಗಟ್ಟಲೆ ಒಳಗೇ ಇರುತ್ತಾನೆ. ತಪ್ಪೊಪ್ಪಿಕೊಂಡು, ಜೈಲಿನಲ್ಲಿ ಕಳೆದಷ್ಟು ದಿನವನ್ನೇ ಶಿಕ್ಷೆ ಅಂತ ಬರೆಸಿಕೊಂಡರೆ ಸಂಜೆಯೊಳಗೆ ಹೊರಗೆ. "ಒಪ್ಕೊಂಡ್ಬಿಟ್ರೆ ಇವತ್ತೇ ಬಿಡ್ತಾರಂತಲ್ಲ ಸಾರ್?" ಅಂತ ತಾಯಂದಿರೇ ವರಾಂಡದಲ್ಲಿ ಹಿಡಿದು ಕೇಳುತ್ತಾರೆ.

ಬಿಡಬಹುದು. ಆದರೆ 2024ರ ಜುಲೈ 1ರಿಂದ ಹೀಗೆ ಒಪ್ಪಿಕೊಳ್ಳುವುದು ದುಬಾರಿಯಾಗಿದೆ. ಹಳೇ ದಂಡ ಸಂಹಿತೆ, ಅಂದರೆ ಐಪಿಸಿಯ 379ರಲ್ಲಿ ಕಳವಿಗೆ ಗರಿಷ್ಠ 3 ವರ್ಷ, ಕನಿಷ್ಠ ಅಂತ ಏನೂ ಇರಲಿಲ್ಲ. ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ರಲ್ಲಿ ಎರಡನೇ ಸಲ ಶಿಕ್ಷೆಯಾದರೆ 1ರಿಂದ 5 ವರ್ಷ ಕಠಿಣ ಸಜೆ. ಇವತ್ತು ಒಪ್ಪಿಕೊಂಡದ್ದು ಮೊದಲ ಶಿಕ್ಷೆಯಾಗಿ ಲೆಕ್ಕಕ್ಕೆ ಬರುತ್ತದೆ; ಮುಂದಿನದು ಎರಡನೆಯದು. ಜಡ್ಜ್‌ಗೆ ಅಯ್ಯೋ ಪಾಪ ಅನ್ನಿಸಿದರೂ 1 ವರ್ಷಕ್ಕಿಂತ ಕೆಳಗಿಳಿಯುವ ಹಾಗಿಲ್ಲ. ಮೊದಲ ಸಲದವನಿಗೆ ಅದೇ ಕಲಂನಲ್ಲಿ ರಿಯಾಯಿತಿಯೂ ಇದೆ: ಮಾಲು 5,000 ರೂಪಾಯಿಗಿಂತ ಕಡಿಮೆಯದಾಗಿದ್ದು, ವಾಪಸ್ ಕೊಟ್ಟರೆ ಸಮುದಾಯ ಸೇವೆ. ಅಂದರೆ 'ಮೊದಲ ಸಲ' ಅನ್ನುವುದನ್ನು ಸುಮ್ನೆ ಕಳೆದುಕೊಳ್ಳಬಾರದು.

ಕಾನೂನು ಯಾವಾಗಲೂ ಬಿಗಿಯಾಗುತ್ತಲೇ ಹೋಗುತ್ತದೆ ಅಂತಲೂ ಅಲ್ಲ. 1989ರಲ್ಲಿ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಗೆ 31ಎ ಕಲಂ ಸೇರಿಸಿ, ದೊಡ್ಡ ಪ್ರಮಾಣದ ಕೆಲವು ಮಾದಕ ವಸ್ತುಗಳ ಕೇಸಿನಲ್ಲಿ ಎರಡನೇ ಸಲ ಸಿಕ್ಕವನಿಗೆ ಗಲ್ಲು ಕಡ್ಡಾಯ ಮಾಡಿದ್ದರು. 2011ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಕಡ್ಡಾಯ ಅಂತ ಓದಬಾರದು ಎಂದಿತು. 2014ರಲ್ಲಿ ಸಂಸತ್ತೇ ತಿದ್ದಿತು. ಈಗ ಗಲ್ಲಿನ ಬದಲು ಒಂದೂವರೆ ಪಟ್ಟು ಶಿಕ್ಷೆ ಕೊಡಬಹುದು, ಅಂದರೆ 10ರಿಂದ 20 ವರ್ಷ ಇದ್ದದ್ದು 15ರಿಂದ 30. ಅಲ್ಲಿ ಜಡ್ಜ್‌ಗೆ ಕೊಟ್ಟ ಆಯ್ಕೆಯನ್ನು ಇಲ್ಲಿ ಮೊಬೈಲ್ ಕಳ್ಳನ ವಿಷಯದಲ್ಲಿ ಕಿತ್ತುಕೊಂಡಿದ್ದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು ಪೊಲೀಸರು ಜಾಮೀನಿನ ತಕರಾರಿಗೆ ಲಗತ್ತಿಸುವ ಪಟ್ಟಿ. "ಈತ ಎಂಓಬಿ ಆಸಾಮಿ" (ಪೊಲೀಸರ ಹಳೇ ಅಪರಾಧಿಗಳ ದಾಖಲೆಯಲ್ಲಿರುವವನು) ಅಂತ ಬರೆದು ಕೆಳಗೆ ಐದಾರು ಕ್ರೈಂ ನಂಬರ್ ಇರುತ್ತವೆ. ಒಂದೊಂದನ್ನೇ ಕೇಸಿನ ಸ್ಥಿತಿ ತೋರಿಸುವ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಒಂದು ರಾಜಿಯಾಗಿರುತ್ತದೆ, ಒಂದರಲ್ಲಿ ಖುಲಾಸೆ, ಉಳಿದವು ಇನ್ನೂ ನಡೆಯುತ್ತಿರುತ್ತವೆ. ಹಿಂದಿನ ಕೇಸು ಬೇರೆ, ಹಿಂದಿನ ಶಿಕ್ಷೆ ಬೇರೆ. ಹೆಚ್ಚುವರಿ ಶಿಕ್ಷೆ ಕೇಳಬೇಕಾದರೆ ಹಳೇ ತೀರ್ಪಿನ ದೃಢೀಕೃತ ನಕಲು ತರಬೇಕು. ಅದರಲ್ಲಿರುವ ಮಂಜ ನಮ್ಮ ಕಟಕಟೆಯಲ್ಲಿರುವ ಮಂಜನೇ ಅಂತಲೂ ತೋರಿಸಬೇಕು. ನಮ್ಮ ಕಡೆ ಒಂದು ಹೋಬಳಿಗೆ ಎಷ್ಟು ಮಂಜರು ಬೇಕು ಹೇಳಿ! ತಂದೆ ಹೆಸರು, ಊರು, ವಯಸ್ಸು ಮೂರನ್ನೂ ತಾಳೆ ನೋಡದೆ ನಾನು ಯಾವ ಪಟ್ಟಿಯನ್ನೂ ಒಪ್ಪುವುದಿಲ್ಲ.

ತಾಯಿಗೆ ಕೊಡುವ ಉತ್ತರ ಈಗ ಇಷ್ಟು: ಮೊದಲು ಶ್ಯೂರಿಟಿ ಷರತ್ತು ಸಡಿಲಿಸಲು ಅರ್ಜಿ ಹಾಕೋಣ ಅಮ್ಮಾ. ಜಾಮೀನು ಸಿಕ್ಕಿ ತಿಂಗಳಾದರೂ ಬಾಂಡ್ ಕೊಡಲಾಗದವರ ಷರತ್ತನ್ನು ಕೋರ್ಟ್ ತಾನಾಗಿಯೇ ಬದಲಿಸಬಹುದು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ಎರಡು ಪುಟದ್ದು. ಅದನ್ನು ಹಾಕಿ ನೋಡದೆ ಒಪ್ಪಿಗೆಯ ಮಾತು ಬೇಡ.