ಹೊಳೆಯದ ಚುಕ್ಕೆ

ಮಳೆಗಾಲ ಬಂತೆಂದರೆ ಮಂಗಳೂರಿನ ನಮ್ಮ ಲ್ಯಾಬಿನಲ್ಲಿ ಮಲೇರಿಯಾ ಸ್ಲೈಡುಗಳದ್ದೇ ಕೆಲಸ. ನೋಡಿ, ‘ವೈವಾಕ್ಸ್’ ಎಂದು ಮಲೇರಿಯಾ ರೋಗಾಣುವಿನ ಜಾತಿ ಬರೆದು ಕೊಟ್ಟರೆ ನನ್ನ ಪಾಲಿನದು ಮುಗಿಯಿತು. ಆಮೇಲೆ ರೋಗಿ ನುಂಗುವ ಮಾತ್ರೆಯ ಬಗ್ಗೆ ನಾನು ಯೋಚಿಸಿದ್ದು ತಮ್ಮನಿಗೇ ಜ್ವರ ಬಂದಾಗ. ಲಿವರಿನಲ್ಲಿ ಅಡಗಿ ಕೂತ ರೋಗಾಣುವಿಗೆಂದು ಅವನಿಗೆ 14 ದಿನದ ಪ್ರೈಮಾಕ್ವಿನ್ ಕೊಟ್ಟಿದ್ದರು. ಮೂರನೇ ದಿನ ಫೋನು: “ಅಕ್ಕಾ, ಮೂತ್ರ ಹಾಲು ಹಾಕದ ಚಾದ ಹಾಗೆ ಉಂಟು.” ಮಾತ್ರೆ ನಿಲ್ಲಿಸು, ಈಗಲೇ ಆಸ್ಪತ್ರೆಗೆ ಹೊರಡು ಅಂದೆ. ಹಿಮೋಗ್ಲೋಬಿನ್ 14 ಇದ್ದದ್ದು 8ಕ್ಕೆ ಇಳಿದಿತ್ತು.

ಆಮ್ಲಜನಕ ಹೊರುವ ಕೆಂಪು ರಕ್ತಕಣಕ್ಕೆ ಅದರಿಂದಲೇ ಅಪಾಯವೂ ಇದೆ. ಒಳಗೆ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ಕಿಣ್ವಗಳು ನೀರಾಗಿಸುತ್ತಲೇ ಇರಬೇಕು. ಅದಕ್ಕೆ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಬೇಕು. ಬಳಸಿದ ಗ್ಲುಟಾಥಯೋನನ್ನು ಮತ್ತೆ ಸಜ್ಜು ಮಾಡಲು ಬೇಕಾದ ಎನ್‌ಎಡಿಪಿಎಚ್ ಎಂಬ ಅಣು ತಯಾರಾಗುವುದು ಜಿ6ಪಿಡಿ ಎಂಬ ಕಿಣ್ವದಿಂದ. ಬೇರೆ ಜೀವಕೋಶಗಳಿಗೆ ಇನ್ನೂ ದಾರಿಗಳಿವೆ. ಮೈಟೊಕಾಂಡ್ರಿಯವಿಲ್ಲದ ಕೆಂಪುಕಣಕ್ಕೆ ಇದೊಂದೇ. ಆ ಕಿಣ್ವ ಕಡಿಮೆಯಿದ್ದವರಲ್ಲಿ ಪ್ರೈಮಾಕ್ವಿನ್‌ನ ಹೊರೆ ಬಿದ್ದರೆ ಕಣಗಳು ಒಡೆಯುತ್ತವೆ. 1956ರಲ್ಲಿ ಅಮೆರಿಕದ ಕಾರ್ಸನ್, ಆಲ್ವಿಂಗ್ ಮತ್ತು ಸಂಗಡಿಗರು ಈ ಕೊರತೆಯನ್ನು ಗುರುತಿಸಿದ್ದೂ ಇದೇ ಮಾತ್ರೆಯ ಬೆನ್ನು ಹಿಡಿದು.

ಆಸ್ಪತ್ರೆಯಲ್ಲಿ ತಮ್ಮನಿಗೆ ಮಾಡಿದ ಜಿ6ಪಿಡಿ ಪರೀಕ್ಷೆ ‘ನಾರ್ಮಲ್’ ಬಂತು. ಮನೆಯವರಿಗೆಲ್ಲ ಸಮಾಧಾನ, ನನಗೆ ಆಗಲಿಲ್ಲ. ಕೆಂಪುಕಣಕ್ಕೆ ಕೋಶಕೇಂದ್ರವಿಲ್ಲ, ಹೊಸ ಕಿಣ್ವ ಮಾಡಿಕೊಳ್ಳಲಾರದು. ವಯಸ್ಸಾದ ಕಣದಲ್ಲಿ ಅದು ಸವೆದಿರುತ್ತದೆ. ಹಾಗಾಗಿ ಮೊದಲು ಒಡೆಯುವುದು ಹಳೆಯ ಕಣಗಳು. ಉಳಿದ ಎಳೆಯ ಕಣಗಳನ್ನು ಪರೀಕ್ಷಿಸಿದರೆ ಕೊರತೆ ಮರೆಯಾಗಿಬಿಡಬಹುದು. ಮೂರು ತಿಂಗಳು ಕಾದು, ಈ ಕಿಣ್ವ ಸಾಕಷ್ಟಿದ್ದರೆ ರಕ್ತದ ಚುಕ್ಕೆ ಹೊಳೆಯುವ ಸ್ಪಾಟ್ ಟೆಸ್ಟನ್ನು ನಾನೇ ಮಾಡಿದೆ. ಅತಿನೇರಳೆ ದೀಪದ ಕೆಳಗೆ, ಕೊರತೆಯಿಲ್ಲದ ರಕ್ತದ ಕಂಟ್ರೋಲ್ ಚುಕ್ಕೆ ನೀಲಿಯಾಗಿ ಹೊಳೆಯಿತು. ತಮ್ಮನದು ಕತ್ತಲಾಗಿಯೇ ಇತ್ತು.

ಒಂದು ತೊಟ್ಟು ರಕ್ತ ಸಾಕಾಗುವ ಪರೀಕ್ಷೆ ಇದು. ಪ್ರೈಮಾಕ್ವಿನ್ ಬರೆಯುವ ಮೊದಲೇ ಮಾಡಿಸಿ ಎಂದು ಈಗ ಕೌಂಟರಿಗೆ ಬಂದವರಿಗೆಲ್ಲ ಹೇಳುತ್ತೇನೆ.

ಜಿ6ಪಿಡಿಯ ಜೀನು, ಗಂಡುಮಕ್ಕಳಿಗೆ ತಾಯಿಯಿಂದಲೇ ಬರುವ ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ತಮ್ಮನಿಗೆ ಬಂದದ್ದು ಅಮ್ಮನಿಂದ. ಅಮ್ಮನಿಂದ ನನಗೂ ಬಂದಿರಬಹುದು, ನನ್ನಿಂದ ಮಗನಿಗೂ. ಆರು ವರ್ಷದ ಅವನ ಬೆರಳು ಚುಚ್ಚುವಾಗ ಕೈ ನಡುಗಿತು. ಅವನ ಚುಕ್ಕೆಯೂ ಹೊಳೆಯಲಿಲ್ಲ. ಅವತ್ತು ಮನೆಗೆ ಬಂದವಳೇ ಕಪಾಟಿನ ಸೀರೆಗಳ ನಡುವಿನ ನುಸಿಗುಳಿಗೆಗಳನ್ನೆಲ್ಲ ಹೆಕ್ಕಿ ಹೊರಗೆ ಹಾಕಿದೆ. ಈ ಕೊರತೆಯ ಮಕ್ಕಳಿಗೆ ಆ ಗುಳಿಗೆಯ ನ್ಯಾಫ್ತಲೀನೂ ಆಗದು.