"ಪೂರೈಕೆದಾರರನ್ನು ಹೇಗೆ ಹಿಡಿಯುತ್ತೀರಿ?" ಎಂದು ಕೇಳುವವರಿಗೆ

ನನ್ನ ಕೆಲಸ ಪೂರೈಕೆದಾರರ ಆಡಿಟ್. ಒಂದು ತಯಾರಿಕಾ ಕಂಪನಿಯ ಪರವಾಗಿ, ಅದಕ್ಕೆ ಬಿಡಿಭಾಗಗಳನ್ನು ಮಾಡಿಕೊಡುವ ಕಾರ್ಖಾನೆಗಳಿಗೆ ಹೋಗಿ, ಅಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಿ, ಕಂಡದ್ದನ್ನು ಬರೆದುಕೊಡುತ್ತೇನೆ. ಇಷ್ಟು ಹೇಳಿದ ಕೂಡಲೇ ಎದುರಿನವರಿಂದ ಬರುವ ಪ್ರಶ್ನೆ ಒಂದೇ: "ಅವರು ಮುಚ್ಚಿಟ್ಟದ್ದನ್ನು ನೀವು ಹೇಗೆ ಹಿಡಿಯುತ್ತೀರಿ?" ಕ್ವಾಲಿಟಿ ವಿಭಾಗಕ್ಕೆ ಹೊಸದಾಗಿ ಸೇರಿದವರು ಕೇಳುತ್ತಾರೆ, ಪರ್ಚೇಸ್ ವಿಭಾಗದ ಹಿರಿಯರು ಕೇಳುತ್ತಾರೆ, ನಾನು ತರಬೇತಿ ಕೊಡಲು ಹೋದಲ್ಲಿ ಕೊನೆಯ ಹತ್ತು ನಿಮಿಷ ಇದಕ್ಕೇ ಮೀಸಲು. ಪ್ರತಿ ಸಲವೂ ಬಾಯಲ್ಲಿ ಹೇಳಿ ಸಾಕಾಗಿರುವುದರಿಂದ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಯಾರನ್ನೂ ಹಿಡಿಯುವುದಿಲ್ಲ. ಹಿಡಿಯುವುದು ಕಳ್ಳನನ್ನು. ಎದುರಿಗಿರುವವನು ಕಳ್ಳ ಎಂದು ತೀರ್ಮಾನಿಸಿಕೊಂಡೇ ಬಾಗಿಲು ತಟ್ಟುವವರಿಗೆ ಆ ಮನೆಯವರು ಯಾವ ಕೋಣೆಯನ್ನು ತೋರಿಸಿಯಾರು? ಇದೇ ಜನ ಎರಡನೆಯ ಉಸಿರಿನಲ್ಲಿ "ಅಷ್ಟು ಬಿಗಿಯಾಗಿ ಆಡಿಟ್ ಮಾಡಿದರೆ ಸಂಬಂಧ ಕೆಡುವುದಿಲ್ಲವೇ?" ಎಂದೂ ಕೇಳುತ್ತಾರೆ. ಬಿಗಿಯಿಂದ ಸಂಬಂಧ ಕೆಟ್ಟದ್ದನ್ನು ನಾನು ಕಂಡಿಲ್ಲ. ಹಿಡಿಯಲು ಬಂದವರ ಎದುರು ಎಲ್ಲರೂ ಬಾಯಿ ಮುಚ್ಚಿಕೊಳ್ಳುವುದರಿಂದ ಕೆಟ್ಟದ್ದನ್ನು ಕಂಡಿದ್ದೇನೆ, ಮತ್ತು ಅದರಲ್ಲಿ ಒಂದು ಸಲ ತಪ್ಪು ನನ್ನದೇ ಆಗಿತ್ತು.

ಅದು ಅಲ್ಯುಮಿನಿಯಂ ಹೌಸಿಂಗ್‌ಗಳನ್ನು (ಬೇರಿಂಗನ್ನು ಹಿಡಿದಿಡುವ ಹೊರಕವಚಗಳನ್ನು) ಯಂತ್ರದಲ್ಲಿ ಕೊರೆದುಕೊಡುವ ಒಂದು ಸಣ್ಣ ಘಟಕ. ಹೌಸಿಂಗ್‌ನ ನಡುವೆ 80 ಮಿಲಿಮೀಟರ್ ವ್ಯಾಸದ ರಂಧ್ರ; ಅದರೊಳಗೆ ನಮ್ಮ ಜೋಡಣೆಯ ಸಾಲಿನಲ್ಲಿ ಬೇರಿಂಗ್ ಒತ್ತಿ ಕೂರಿಸುತ್ತಿದ್ದೆವು. ಡ್ರಾಯಿಂಗ್‌ನಲ್ಲಿ ಆ ರಂಧ್ರಕ್ಕೆ ಎಚ್7 ಎಂದು ಬರೆದಿತ್ತು, ಅಂದರೆ 80ರಿಂದ ಮೇಲೆ 30 ಮೈಕ್ರಾನ್‌ವರೆಗೆ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೇ ಒಂದು ಮೈಕ್ರಾನ್) ಹೋಗಬಹುದು, ಕೆಳಗೆ ಒಂದು ಮೈಕ್ರಾನ್ ಕೂಡ ಇಳಿಯುವಂತಿಲ್ಲ. ಕೆಲವು ಹೌಸಿಂಗ್‌ಗಳಲ್ಲಿ ಬೇರಿಂಗ್ ಒತ್ತುವ ಬಲ ಮಿತಿ ಮೀರತೊಡಗಿತು. ನನ್ನನ್ನು ಕಳುಹಿಸಿದರು. ನಾನು ಚೆಕ್‌ಲಿಸ್ಟ್ ಹಿಡಿದು ಹೋಗಿ, ಒಂದೂವರೆ ದಿನ ಸಭಾಕೊಠಡಿಯಲ್ಲಿ ಕುಳಿತು ಕಡತಗಳನ್ನು ತಿರುವಿಹಾಕಿ, ಕೊನೆಗೆ ಒಂದು ಗಂಟೆ ಯಂತ್ರಗಳ ನಡುವೆ ಓಡಾಡಿ 14 ಎನ್‌ಸಿಗಳನ್ನು, ಅಂದರೆ ನಿಯಮಕ್ಕೆ ಹೊಂದದ ಅಂಶಗಳನ್ನು, ಬರೆದೆ. ಅಳೆಯುವ ಒಂದು ಗೇಜ್‌ನ ಮೇಲೆ ಅದು ಸರಿಯಾಗಿ ಅಳೆಯುತ್ತದೆ ಎನ್ನುವ ಕ್ಯಾಲಿಬ್ರೇಷನ್ ಚೀಟಿ ಇರಲಿಲ್ಲ, ಒಂದು ದಾಖಲೆಗೆ ಸಹಿ ಇರಲಿಲ್ಲ, ತಪಾಸಣೆಯ ಹಾಳೆಯಲ್ಲಿ ಎರಡು ದಿನದ ಅಂಕಿಗಳು ಒಂದೇ ಪೆನ್ನಿನಲ್ಲಿ ಒಂದೇ ಓಟದಲ್ಲಿ ಬರೆದಂತಿದ್ದವು. ಎರಡು ವಾರದೊಳಗೆ 14ಕ್ಕೂ ಉತ್ತರ ಬಂತು. ಅವುಗಳಲ್ಲಿ ಒಂಬತ್ತರಲ್ಲಿ ಇದ್ದದ್ದು ಒಂದೇ ವಾಕ್ಯ: "ಆಪರೇಟರ್‌ಗೆ ಮರುತರಬೇತಿ ನೀಡಲಾಗಿದೆ." ನಾನು ಎಲ್ಲವನ್ನೂ ಒಪ್ಪಿ ಮುಚ್ಚಿದೆ. ಮೂರು ತಿಂಗಳ ನಂತರ ಅದೇ ದೋಷ ಮರಳಿ ಬಂತು.

ಎರಡನೆಯ ಸಲ ಹೋದಾಗ ಚೆಕ್‌ಲಿಸ್ಟನ್ನು ಚೀಲದಲ್ಲೇ ಬಿಟ್ಟು ಒಂದು ಇಡೀ ಪಾಳಿ ಆ ಯಂತ್ರದ ಪಕ್ಕದಲ್ಲೇ ನಿಂತೆ. ಊಟದ ಹೊತ್ತು ಕಳೆದ ಮೇಲೆ ಆಪರೇಟರ್, ನನಗಿಂತ ಹಿರಿಯರು, ಉಪಕರಣದ ಪೆಟ್ಟಿಗೆಯ ತಳದಿಂದ ಎಣ್ಣೆ ಹತ್ತಿದ ಒಂದು ಸಣ್ಣ ನೋಟ್‌ಬುಕ್ ತೆಗೆದು ತೋರಿಸಿದರು. ಅದರಲ್ಲಿ ಎರಡು ಸಾಲು ಅಂಕಿಗಳಿದ್ದವು. ಒಂದರ ತಲೆಯಲ್ಲಿ "ತೊಳೆದ ತಕ್ಷಣ", ಇನ್ನೊಂದರ ತಲೆಯಲ್ಲಿ "ಆರಿದ ಮೇಲೆ". ಅದೇ ಹೌಸಿಂಗ್, ತೊಳೆದ ತಕ್ಷಣ 80ರ ಮೇಲೆ 42 ಮೈಕ್ರಾನ್, ಆರಿದ ಮೇಲೆ 6. ಬಿಸಿನೀರಿನ ತೊಳೆಯುವ ಯಂತ್ರದಿಂದ ಹೊರಬಂದ ಅಲ್ಯುಮಿನಿಯಂ ಇನ್ನೂ ಬೆಚ್ಚಗಿರುವಾಗಲೇ ಅದನ್ನು ಅಳೆಯುತ್ತಿದ್ದರು. ಒಂದು ಮೀಟರ್ ಉದ್ದದ ಅಲ್ಯುಮಿನಿಯಂ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 80 ಮಿಲಿಮೀಟರ್‌ಗೆ ಲೆಕ್ಕ ಹಾಕಿದರೆ 20 ಡಿಗ್ರಿ ವ್ಯತ್ಯಾಸದಲ್ಲಿ ಹತ್ತಿರಹತ್ತಿರ 37 ಮೈಕ್ರಾನ್. ನಾವು ಕೊಟ್ಟಿದ್ದ ಇಡೀ ಟಾಲರೆನ್ಸೇ 30. ಗೇಜ್ ಹೆಚ್ಚು ತೋರಿಸಿದಾಗ ಅವರು ಯಂತ್ರದಲ್ಲಿ ಆಫ್‌ಸೆಟ್ ಕೊಟ್ಟು ರಂಧ್ರವನ್ನು ಕಿರಿದು ಮಾಡುತ್ತಿದ್ದರು, ಅದು ಆರಿದ ಮೇಲೆ 80ಕ್ಕಿಂತ ಕೆಳಗೆ ಇಳಿಯುತ್ತಿತ್ತು, ಮತ್ತು ಅದೇ ತುಂಡು ನಮ್ಮಲ್ಲಿಗೆ ಬಂದು ಬೇರಿಂಗನ್ನು ಒಳಗೆ ಬಿಡುತ್ತಿರಲಿಲ್ಲ. ಅಳತೆಗೆ ಆಧಾರದ ತಾಪಮಾನ 20 ಡಿಗ್ರಿ ಎಂದು ಐಎಸ್‌ಒ 1 ಎಂಬ ಮಾನಕವೇ ಹೇಳುತ್ತದೆ. ಸಭಾಕೊಠಡಿಯಲ್ಲಿ ಕುಳಿತಿದ್ದ ಒಂದೂವರೆ ದಿನದಲ್ಲಿ ಅದು ನನ್ನ ತಲೆಗೆ ಹೊಳೆದಿರಲಿಲ್ಲ.

"ಮೊದಲ ಸಲ ಬಂದಾಗಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ಕೇಳಿದ್ದರೆ ಹೇಳುತ್ತಿದ್ದೆ, ಮೇಡಂ. ಕೇಳದೆ ನಾನಾಗಿಯೇ ಹೇಳಿದ್ದರೆ ಅದು ಹದಿನೈದನೆಯ ಎನ್‌ಸಿ ಆಗುತ್ತಿತ್ತು" ಎಂದರು. ಆಡಿಟ್ ಎಂಬ ಪದಕ್ಕೆ ಲ್ಯಾಟಿನ್‌ನಲ್ಲಿರುವ ಮೂಲಾರ್ಥ ಕಿವಿಗೊಟ್ಟು ಆಲಿಸುವುದು. ನಮ್ಮ ಕನ್ನಡದ "ಕೇಳು" ಅದಕ್ಕಿಂತ ಒಂದು ಹೆಜ್ಜೆ ಮುಂದಿದೆ, ಪ್ರಶ್ನಿಸುವುದೂ ಆಲಿಸುವುದೂ ಅದರಲ್ಲಿ ಒಂದೇ ಮಾತು. ಮೊದಲ ಭೇಟಿಯಲ್ಲಿ ನಾನು ಎರಡು ಅರ್ಥದಲ್ಲೂ ಕೇಳಿರಲಿಲ್ಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. ತೊಳೆದ ತಕ್ಷಣ ಅಳೆಯುವುದು ಹೇಗೆ ಶುರುವಾಯಿತು ಎಂದು ಹಿಂದೆ ಹಿಂದೆ ಹೋದಾಗ ದಾರಿ ನಮ್ಮ ಕಂಪನಿಯ ಬಾಗಿಲಿಗೇ ಬಂದು ನಿಂತಿತು. ಹಿಂದೆ ಅವರು ಹೌಸಿಂಗ್‌ಗಳನ್ನು ಟ್ರೇಗಳಲ್ಲಿ ಸಾಕಷ್ಟು ಹೊತ್ತು ಆರಲು ಬಿಟ್ಟು ಆಮೇಲೆ ಅಳೆಯುತ್ತಿದ್ದರು. ನಮ್ಮವರು ವಾರದ ಶೆಡ್ಯೂಲನ್ನು ವಾರದ ನಡುವೆಯೇ ಬದಲಾಯಿಸಲು ಆರಂಭಿಸಿದ ಮೇಲೆ, ಬೆಳಿಗ್ಗೆ ಹೇಳಿದ ಸಂಖ್ಯೆಯನ್ನು ಸಂಜೆಯ ಲಾರಿಗೆ ಹತ್ತಿಸಬೇಕಾಗಿ ಬಂದು, ಆರಲು ಬಿಡುವ ಹೊತ್ತು ಇಲ್ಲವಾಯಿತು. ಯಾವ ಹಂತದಲ್ಲಿ ಏನನ್ನು ಹೇಗೆ ಪರೀಕ್ಷಿಸಬೇಕೆಂದು ಬರೆದಿಡುವ ಕಂಟ್ರೋಲ್ ಪ್ಲಾನ್‌ನಲ್ಲಿ "ತೊಳೆದ ನಂತರ ಅಳತೆ" ಎಂದಷ್ಟೇ ಇತ್ತು. ಎಷ್ಟು ಹೊತ್ತಿನ ನಂತರ, ಯಾವ ತಾಪಮಾನದಲ್ಲಿ ಎಂಬುದು ಇರಲಿಲ್ಲ. ಅದರ ಕೆಳಗೆ ಅನುಮೋದಿಸಿದವರ ಸಹಿ ನಮ್ಮ ಎಂಜಿನಿಯರದ್ದು. ನಾನು ಬರೆದ 14 ಎನ್‌ಸಿಗಳಲ್ಲಿ ಒಂದರ ಮೇಲೂ ನಮ್ಮ ಕಂಪನಿಯ ಹೆಸರಿರಲಿಲ್ಲ.

ಆದ್ದರಿಂದ, "ಹೇಗೆ ಹಿಡಿಯುತ್ತೀರಿ" ಎನ್ನುವವರು ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ: "ಆಡಿಟ್ ಮುಗಿಸಿ ಹಿಂದಿರುಗಿದ ಮೇಲೆ ನಿಮ್ಮ ಕಂಪನಿಯೊಳಗೆ ಏನು ಬದಲಾಯಿತು?" ಈ ಪ್ರಶ್ನೆಯನ್ನು ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳಿಲ್ಲ. ಯಾರೂ ಕೇಳದಿದ್ದರೂ ಅದಕ್ಕೇ ಉತ್ತರ ಬರೆಯುತ್ತೇನೆ.

ಮೊದಲನೆಯದಾಗಿ, ನನ್ನ ವರದಿಯ ನಮೂನೆ ಬದಲಾಯಿತು. ಈಗ ಪ್ರತಿಯೊಂದು ಅಂಶದ ಎದುರು "ಇದರ ಕಾರಣ ಎಲ್ಲಿದೆ" ಎಂಬ ಕಾಲಂ ಇದೆ: ಅವರಲ್ಲಿ, ನಮ್ಮಲ್ಲಿ, ಇಬ್ಬರ ನಡುವೆ. ನಮ್ಮಲ್ಲಿ ಎಂದು ಬರೆದದ್ದಕ್ಕೂ ಹೊಣೆಗಾರರ ಹೆಸರು ಮತ್ತು ಗಡುವು ಇರಲೇಬೇಕು, ಮತ್ತು ಅದರ ಪ್ರತಿ ಪೂರೈಕೆದಾರರಿಗೆ ಹೋಗಲೇಬೇಕು. ಇದಕ್ಕೆ ನಮ್ಮೊಳಗೆ ಎದ್ದ ವಿರೋಧ ಸಣ್ಣದಾಗಿರಲಿಲ್ಲ. ನಮ್ಮ ಹುಳುಕನ್ನು ನಾವೇ ಹೊರಗಿನವರಿಗೆ ತೋರಿಸುವುದೇ ಎಂದು ಹಲವರು ಕೇಳಿದರು. ವಾರದ ನಡುವೆ ಶೆಡ್ಯೂಲ್ ಬದಲಾಗುವುದನ್ನು ಅನುಭವಿಸುತ್ತಿರುವವರೇ ಪೂರೈಕೆದಾರರು. ಅವರಿಗೆ ಗೊತ್ತಿಲ್ಲದ ಹುಳುಕನ್ನು ನಾನೇನೂ ತೋರಿಸುತ್ತಿರಲಿಲ್ಲ.

ಎರಡನೆಯದು ನನಗೆ ಇನ್ನೂ ಮುಖ್ಯವಾದದ್ದು. ಒಂದು ಆಡಿಟ್‌ನ ನಂತರ ಪರ್ಚೇಸ್ ವಿಭಾಗದವರೊಬ್ಬರು ನನ್ನಲ್ಲಿಗೆ ಬಂದು, "ಅಲ್ಲಿ ಒಂದು ತುಂಡಿಗೆ ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂದು ನೋಡಿದ್ದೀರಲ್ಲ, ಆ ಲೆಕ್ಕ ಕೊಡಿ, ಮುಂದಿನ ದರ ಮಾತುಕತೆಗೆ ಬೇಕು" ಎಂದರು. ಕೊಡಲಿಲ್ಲ. ಆಡಿಟ್ ಹೇಗೆ ಮಾಡಬೇಕೆಂದು ಮಾರ್ಗದರ್ಶನ ನೀಡುವ ಐಎಸ್‌ಒ 19011 ಮಾನಕದ 2018ರ ಆವೃತ್ತಿಯಲ್ಲಿ ಏಳು ತತ್ವಗಳಿವೆ. ಅವುಗಳಲ್ಲಿ ಗೋಪ್ಯತೆಯೂ ಒಂದು. ಆಡಿಟ್‌ನಲ್ಲಿ ಸಿಕ್ಕ ಮಾಹಿತಿಯನ್ನು ಆಡಿಟ್‌ಗೆ ಒಳಗಾದವರ ನ್ಯಾಯಯುತ ಹಿತಕ್ಕೆ ಧಕ್ಕೆಯಾಗುವಂತೆ ಬಳಸಬಾರದು ಎಂಬುದು ಅದರ ತಾತ್ಪರ್ಯ. ಆ ಸೆಕೆಂಡುಗಳ ಲೆಕ್ಕ ಒಮ್ಮೆ ದರದ ಮೇಜಿಗೆ ಹೋಗಿದ್ದರೆ, ಮುಂದಿನ ಸಲ ನನಗೆ ಯಂತ್ರದ ಬಾಗಿಲಲ್ಲ, ಸಭಾಕೊಠಡಿಯ ಬಾಗಿಲು ಮಾತ್ರ ತೆರೆಯುತ್ತಿತ್ತು. ಸಂಬಂಧ ಉಳಿಸಿಕೊಳ್ಳುವುದು ಹೇಗೆ ಎಂದು ನನ್ನನ್ನು ಕೇಳುವವರು ಈ ಒಂದು ವಿಷಯದಲ್ಲಿ ತಮ್ಮ ಕಂಪನಿಯ ನಿಲುವೇನು ಎಂಬುದನ್ನು ಮೊದಲು ನೋಡಿಕೊಳ್ಳಲಿ.

ಅಂಕಗಳ ವಿಷಯದಲ್ಲೂ ಇಂಥದೇ ಮಾತು. ಜರ್ಮನಿಯ ವಾಹನೋದ್ಯಮ ಸಂಘದ ವಿಡಿಎ 6.3 ಪದ್ಧತಿಯಲ್ಲಿ ಪ್ರತಿ ಪ್ರಶ್ನೆಗೆ 0, 4, 6, 8 ಅಥವಾ 10 ಅಂಕ ಕೊಡುತ್ತಾರೆ. ಒಟ್ಟು ಶೇಕಡಾ 90 ಅಥವಾ ಅದಕ್ಕಿಂತ ಹೆಚ್ಚಾದರೆ ಎ, 80ಕ್ಕಿಂತ ಕಡಿಮೆಯಾದರೆ ಸಿ. ಅದು ಒಳ್ಳೆಯ ಪದ್ಧತಿ, ನಾನೂ ಬಳಸುತ್ತೇನೆ. ಆದರೆ ಅಂಕ ಕೊಡುವ ದಿನ ಯಾರೂ ತಮ್ಮ ನೋಟ್‌ಬುಕ್ ತೆಗೆಯುವುದಿಲ್ಲ. ಆದಕಾರಣ ನಾನು ಎರಡನ್ನೂ ಬೇರೆ ಮಾಡಿದ್ದೇನೆ: ಅಂಕದ ಆಡಿಟ್ ಒಂದು ದಿನ, ಸಮಸ್ಯೆ ಬಿಡಿಸುವ ಭೇಟಿ ಇನ್ನೊಂದು ದಿನ, ಮತ್ತು ಎರಡನೆಯದರಲ್ಲಿ ಕಂಡದ್ದು ಅಂಕಪಟ್ಟಿಗೆ ಹೋಗುವುದಿಲ್ಲ ಎಂದು ಮೊದಲೇ ಬರೆದುಕೊಟ್ಟಿರುತ್ತೇನೆ. ಟೊಯೋಟಾ 1977ರಿಂದ ತನ್ನ ಪೂರೈಕೆದಾರರನ್ನು ಸಣ್ಣ ಗುಂಪುಗಳಾಗಿಸಿ ನಡೆಸಿಕೊಂಡು ಬಂದ "ಜಿಶುಕೆನ್" ಅಧ್ಯಯನದಲ್ಲಿ ಒಬ್ಬರ ಕಾರ್ಖಾನೆಗೆ ಇನ್ನೊಬ್ಬರು ಹೋಗಿ ಅಲ್ಲಿನ ತೊಡಕನ್ನು ಒಟ್ಟಾಗಿ ಬಿಡಿಸುತ್ತಾರೆ. 1997ರ ಫೆಬ್ರವರಿ 1ರಂದು ಟೊಯೋಟಾಕ್ಕೆ ಬಿಡಿಭಾಗ ಪೂರೈಸುವ ಐಸಿನ್ ಸೇಕಿಯ ಕರಿಯಾ ಕಾರ್ಖಾನೆ ಬೆಂಕಿಗೆ ಸಿಕ್ಕು, ಬ್ರೇಕಿಗೆ ಬೇಕಾದ ಒಂದು ಸಣ್ಣ ಕವಾಟ ಇಲ್ಲದೆ ಟೊಯೋಟಾದ ಸಾಲುಗಳು ನಿಂತಾಗ, ಹತ್ತಾರು ಕಂಪನಿಗಳು ತಮ್ಮ ತಮ್ಮ ಯಂತ್ರಗಳಲ್ಲಿ ಆ ಕವಾಟವನ್ನು ಮಾಡಿಕೊಡಲು ಮುಂದಾದವು. ಹೊಲಿಗೆ ಯಂತ್ರಗಳಿಗೆ ಹೆಸರಾದ ಬ್ರದರ್ ಕೂಡ ಅವುಗಳಲ್ಲಿ ಒಂದು. ಕೆಲವೇ ದಿನಗಳಲ್ಲಿ ಸಾಲುಗಳು ಮತ್ತೆ ಓಡಿದವು. ಪರಸ್ಪರರ ಕೆಲಸದ ನೆಲವನ್ನು ಹಿಂದೆಂದೂ ಕಂಡಿರದವರಿಂದ ಆ ವೇಗ ಸಾಧ್ಯವಾಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

"ಮುಂಚೆ ಹೇಳದೆ ಆಡಿಟ್‌ಗೆ ಹೋದರೆ ಎಲ್ಲ ಬಯಲಾಗುವುದಿಲ್ಲವೇ?" ಎಂದು ಹಟ ಹಿಡಿಯುವವರೂ ಇದ್ದಾರೆ. ಬೆಂಕಿ ಬಿದ್ದಾಗ ಹೊರಬರುವ ಬಾಗಿಲು, ಕಾರ್ಮಿಕರ ಸುರಕ್ಷತೆ, ಬಾಲಕಾರ್ಮಿಕರು, ಇಂಥ ವಿಷಯಗಳಲ್ಲಿ ಹೇಳದೆಯೇ ಹೋಗಬೇಕು. ಅಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಒಂದು ಉಡುಪು ಕಾರ್ಖಾನೆಯಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಗಳಿಗೆ ಸರಳು, ಬಾಗಿಲುಗಳಿಗೆ ಬೀಗ. ಕೆಲವೇ ವಾರಗಳ ಹಿಂದೆ ಆ ಕಾರ್ಖಾನೆಗೆ ಕಾರ್ಮಿಕರ ಸ್ಥಿತಿಗತಿ ಸರಿಯಿದೆ ಎಂದು ಹೇಳುವ ಎಸ್‌ಎ 8000 ಪ್ರಮಾಣಪತ್ರ ಸಿಕ್ಕಿತ್ತು. ಕಾಗದವನ್ನು ನಂಬಿದ ಆಡಿಟ್‌ನ ಬೆಲೆ ಏನೆಂಬುದನ್ನು ಅದು ತೋರಿಸಿತು, ಮತ್ತು ಅದನ್ನು ನೆನೆದಾಗಲೆಲ್ಲ ನನ್ನ 14 ಎನ್‌ಸಿಗಳ ಅಚ್ಚುಕಟ್ಟಾದ ವರದಿಯೂ ನೆನಪಾಗುತ್ತದೆ. ಆದರೆ ಗೇಜ್ ಬೆಚ್ಚಗಿನ ಲೋಹದ ಮೇಲೆ ತಪ್ಪು ಓದುತ್ತಿದೆ ಎಂಬ ಸಂಗತಿ ಹೇಳದೆ ಹೋದವರಿಗೂ ಸಿಗುವುದಿಲ್ಲ. ಅದನ್ನು ಅಲ್ಲಿ ದುಡಿಯುವವರೇ ಹೇಳಬೇಕು.

ಉಳಿದ ಬದಲಾವಣೆಗಳು ಚಿಕ್ಕವು. ಪ್ರಶ್ನೆಗಳನ್ನು ಎರಡು ವಾರ ಮೊದಲೇ ಕಳುಹಿಸುತ್ತೇನೆ. ಹೋದ ದಿನ ಮೊದಲು ಯಂತ್ರಗಳ ಬಳಿ, ಕಡತ ಆಮೇಲೆ. ವಾಹನೋದ್ಯಮದ ಗುಣಮಟ್ಟದ ಮಾನಕವಾದ ಐಎಟಿಎಫ್ 16949 ಪ್ರಮಾಣಪತ್ರ ಇರುವವರಲ್ಲಿ ಆ ಪ್ರಮಾಣೀಕರಣದಲ್ಲಿ ಆಗಲೇ ನೋಡಿದ್ದನ್ನು ಮತ್ತೆ ಕೇಳಿ ಅವರ ದಿನವನ್ನು ತಿನ್ನುವುದಿಲ್ಲ. ಅವರಿಗೆ ನಮ್ಮಂಥ ಗ್ರಾಹಕರು ಇನ್ನೂ ಹಲವರಿದ್ದಾರೆ, ಎಲ್ಲರೂ ಅದನ್ನೇ ಬೇರೆ ಬೇರೆ ಚೆಕ್‌ಲಿಸ್ಟ್‌ಗಳಲ್ಲಿ ಕೇಳುತ್ತಾರೆ. ಹೊರಡುವ ಮುನ್ನ ಕಂಡದ್ದನ್ನೆಲ್ಲ ಎದುರಿಗೇ ಓದಿ ಹೇಳುತ್ತೇನೆ, ಅವರು ಒಪ್ಪದಿದ್ದರೆ ಆ ಭಿನ್ನಾಭಿಪ್ರಾಯವನ್ನೂ ವರದಿಯಲ್ಲಿ ಬರೆಯುತ್ತೇನೆ. "ಮರುತರಬೇತಿ ನೀಡಲಾಗಿದೆ" ಎಂಬ ಉತ್ತರವನ್ನು ಮೂಲಕಾರಣ ಬರೆಯದ ಹೊರತು ಸ್ವೀಕರಿಸುವುದಿಲ್ಲ; ಇದರಲ್ಲಿ ನಾನು ಹಿಂದಿಗಿಂತ ಬಿಗಿ.

ಆ ಹೌಸಿಂಗ್ ಘಟಕದ ಕಂಟ್ರೋಲ್ ಪ್ಲಾನ್‌ನಲ್ಲಿ ಈಗ "ತೊಳೆದ ನಂತರ 40 ನಿಮಿಷ ಟ್ರೇಯಲ್ಲಿ, ಮಾಸ್ಟರ್ ರಿಂಗ್ ಅದೇ ಟ್ರೇಯ ಪಕ್ಕದಲ್ಲಿ, ಆಮೇಲೆ ಅಳತೆ" ಎಂದಿದೆ. ಮಾಸ್ಟರ್ ರಿಂಗ್ ಎಂದರೆ ಗೇಜನ್ನು ಹೊಂದಿಸಿಕೊಳ್ಳುವ ನಿಖರ ಅಳತೆಯ ಉಂಗುರ. ಆ 40 ನಿಮಿಷವನ್ನು ನಿಗದಿ ಮಾಡಿದ್ದು ಎಣ್ಣೆ ಹತ್ತಿದ ಆ ನೋಟ್‌ಬುಕ್ಕಿನ ಅಂಕಿಗಳೇ. ಕಳೆದ ಬಾರಿ ಅವರ ಯಂತ್ರದಲ್ಲಿ ತುಂಡನ್ನು ಹಿಡಿದಿಡುವ ಫಿಕ್ಸ್ಚರ್‌ನಲ್ಲಿ ಬಿರುಕು ಕಂಡಾಗ, ಮಾಲು ಇನ್ನೂ ಲಾರಿ ಹತ್ತುವ ಮೊದಲೇ ಅವರ ಕ್ವಾಲಿಟಿ ಮುಖ್ಯಸ್ಥರು ನನಗೆ ಫೋನ್ ಮಾಡಿ ತಿಳಿಸಿದರು. ಮುಂದಿನ ವಾರ ಮತ್ತೆ ಅಲ್ಲಿಗೆ ಹೋಗಲಿದ್ದೇನೆ. ಪಟ್ಟಿಯ ಮೊದಲ ಪುಟದಲ್ಲಿರುವುದು ನಮ್ಮ ಕಡೆಯ ಬಾಕಿಗಳು, ಒಟ್ಟು ಮೂರು. ಡ್ರಾಯಿಂಗ್‌ನ ಟಿಪ್ಪಣಿ ಸರಿಯಾಗಿದೆ, ಅನುಮೋದನೆಯ ಕ್ರಮ ಬದಲಾಗಿದೆ. ವಾರದ ಶೆಡ್ಯೂಲನ್ನು ವಾರ ಶುರುವಾದ ಮೇಲೆ ಮುಟ್ಟುವುದಿಲ್ಲ ಎಂಬ ಮೂರನೆಯದರ ಎದುರು ನಮ್ಮವರ ಸಹಿ ಇನ್ನೂ ಬಿದ್ದಿಲ್ಲ. ಅಲ್ಲಿಗೆ ಹೊರಡುವ ಮೊದಲು ಅದನ್ನು ಹಾಕಿಸಿಕೊಳ್ಳಲು ನನಗೆ ನಾಲ್ಕು ದಿನಗಳಿವೆ.